10 ವರ್ಷದ ಮಗನ ಐಸ್ ಹಾಕಿ ಸ್ಟಿಕ್: ಪಕ್ ಮೇಲೇಳುತ್ತಿಲ್ಲ. ಕತ್ತರಿಸೋದಾ, ಬೇರೆ ತಗೊಳ್ಳೋದಾ? (ಬಜೆಟ್ 80 ಡಾಲರ್)

ಮಿಸ್ಸಿಸಾಗಾ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ 10 ವರ್ಷ, ಎತ್ತರ 140 ಸೆಂ.ಮೀ., ತೂಕ 32 ಕೆ.ಜಿ. ಹೌಸ್ ಲೀಗ್‌ನಲ್ಲಿ ಇದು ಮೊದಲ ಸೀಸನ್. ಬೆಳೆಯೋ ಹುಡುಗ, ಎರಡು ವರ್ಷ ಬರಲಿ ಅಂತ ಸ್ವಲ್ಪ ದೊಡ್ಡ ಸ್ಟಿಕ್ಕೇ ಕೊಡಿಸಿದ್ದೀವಿ. ಜೂನಿಯರ್, 52 ಇಂಚು (ಕೆಳಗಿನ ಬ್ಲೇಡ್ ಬಿಟ್ಟು ಕೋಲಿನ ಉದ್ದ), 50 ಫ್ಲೆಕ್ಸ್ (ಬಿಗಿಯ ಅಳತೆ), ಪಿ92 ಕರ್ವ್ (ಬ್ಲೇಡಿನ ಬಾಗು), ಲೆಫ್ಟ್ (ಎಡಗೈ ಕೆಳಗಿಟ್ಟು ಹಿಡಿಯೋದು). ಪೂರ್ತಿ ಕಾಂಪೊಸಿಟ್.

ಈಗಿರೋ ತೊಂದರೆ ಇಷ್ಟು. ರಿಸ್ಟ್ ಶಾಟ್ (ಮಣಿಕಟ್ಟು ತಿರುಗಿಸಿ ಹೊಡೆಯೋದು) ಹೊಡೆದರೆ ಪಕ್, ಅಂದ್ರೆ ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ, ಐಸ್ ಬಿಟ್ಟು ಏಳೋದೇ ಇಲ್ಲ. ಬೇರೆಯವರು ಕೊಟ್ಟ ಪಾಸ್ ಬ್ಲೇಡಿನ ಹಿಂಭಾಗದ ಅಡಿಯಿಂದ ನುಸುಳಿ ಹೋಗುತ್ತೆ. ಬ್ಲೇಡಿಗೆ ಸುತ್ತಿದ ಟೇಪು ತುದಿ ಕಡೆ ಮಾತ್ರ ಸವೆದಿದೆ, ಶಾಫ್ಟ್ (ಉದ್ದನೆ ಕೋಲು) ಹತ್ತಿರ ಹೊಸದರ ಹಾಗೇ ಇದೆ. ಮೇಲಿನ ಕೈ ಪದೇ ಪದೇ ಹೊಟ್ಟೆಗೆ ತಾಗುತ್ತೆ.

ಸ್ಟಿಕ್ ಕತ್ತರಿಸಿದರೆ ಸರಿಹೋಗುತ್ತಾ? ಬೇರೆ ತಗೊಳ್ಳಲೇಬೇಕು ಅಂದ್ರೆ ತೆರಿಗೆ ಸೇರಿ 80 ಡಾಲರ್ ದಾಟೋ ಹಾಗಿಲ್ಲ.

ನೀಲಿ_ಗೆರೆ

ಮೇಡಂ, ನೀವು ಹೇಳಿದ ನಾಲ್ಕೂ ಲಕ್ಷಣ ಎರಡೇ ಕಾರಣಕ್ಕೆ ಬರುತ್ತವೆ. ಸ್ಟಿಕ್ ಉದ್ದ ಜಾಸ್ತಿ, ಬಿಗಿಯೂ ಜಾಸ್ತಿ.

ಮೊದಲು ಟೇಪು ನೋಡಿ, ಅದು ಸುಳ್ಳು ಹೇಳಲ್ಲ. ಸ್ಟಿಕ್ ಉದ್ದವಿದ್ದರೆ ಹುಡುಗ ಅದನ್ನು ನೆಟ್ಟಗೆ ಎತ್ತಿ ಹಿಡಿಯಬೇಕಾಗುತ್ತದೆ. ಆಗ ಬ್ಲೇಡಿನ ಟೋ (ಮುಂದಿನ ತುದಿ) ಐಸ್‌ಗೆ ಒತ್ತಿ, ಹೀಲ್ (ಶಾಫ್ಟಿಗೆ ಕೂಡುವ ಕಡೆ) ಮೇಲೇಳುತ್ತದೆ. ಸವೆತವೂ ಅದಕ್ಕೇ, ಪಾಸ್ ಅಡಿಯಿಂದ ಜಾರುವುದೂ ಅದಕ್ಕೇ. ಹೀಲ್ ಕಡೆ ಮಾತ್ರ ಸವೆದಿದ್ದರೆ ಉಲ್ಟಾ ಲೆಕ್ಕ: ಸ್ಟಿಕ್ ಗಿಡ್ಡ, ಇಲ್ಲವೇ ಲೈ ಜಾಸ್ತಿ. ಲೈ ಅಂದರೆ ಬ್ಲೇಡ್ ನೆಲಕ್ಕೆ ಸಪಾಟಾಗಿ ಕೂತಾಗ ಶಾಫ್ಟ್ ಎಷ್ಟು ನೆಟ್ಟಗೆ ನಿಲ್ಲುತ್ತದೆ ಅನ್ನೋ ಅಳತೆ. ಅಂಗಡಿಯಲ್ಲಿ ಸಿಗೋ ಮಕ್ಕಳ ಸ್ಟಿಕ್ಕೆಲ್ಲ ಹೆಚ್ಚುಕಮ್ಮಿ 5, 6ರ ಆಸುಪಾಸಿನವು. ಹಾಗಾಗಿ ಉದ್ದ ಸರಿಮಾಡದೆ ಲೈ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಪಕ್ ಏಳದಿರೋದು. ರಿಸ್ಟ್ ಶಾಟ್‌ನಲ್ಲಿ ಕೆಳಗಿನ ಕೈ ಒತ್ತಿದಾಗ ಶಾಫ್ಟ್ ಬಾಗಬೇಕು, ಬಿಟ್ಟಾಗ ಅದು ನೆಟ್ಟಗಾಗುವ ರಭಸಕ್ಕೆ ಪಕ್ ಹಾರಬೇಕು. ಫ್ಲೆಕ್ಸ್ ಸಂಖ್ಯೆ ಅಂದರೆ ಶಾಫ್ಟನ್ನು ಒಂದು ಇಂಚು ಬಾಗಿಸಲು ಬೇಕಾಗುವ ಬಲ, ಸುಮಾರಾಗಿ ಪೌಂಡ್ ಲೆಕ್ಕದಲ್ಲಿ. ಆಟಗಾರನ ಪೌಂಡ್ ತೂಕದ ಅರ್ಧ ಇರಲಿ ಅನ್ನೋದು ರೂಢಿ. ಕೆ.ಜಿ.ಯಲ್ಲಿ ಇನ್ನೂ ಸುಲಭ: ತೂಕಕ್ಕೆ ಅದರ ಹತ್ತನೇ ಒಂದು ಭಾಗ ಸೇರಿಸಿ. 32ಕ್ಕೆ 3 ಸೇರಿಸಿದರೆ 35. ಹೊಸಬರಿಗೆ ಅದಕ್ಕಿಂತ ಕಡಿಮೆಯಾದರೂ ಒಳ್ಳೇದೇ, 30 ಕೊಡಿ. ನಿಮ್ಮ ಮಗನ ಕೈಲಿರೋದು 45 ಕೆ.ಜಿ. ಹುಡುಗನ ಸ್ಟಿಕ್.

ಒಂದು ಅಳತೆ ಬೇಕು. ಬ್ಲೇಡಿನ ಟೋ ನೆಲಕ್ಕೆ ತಾಗಿಸಿ, ಶಾಫ್ಟ್ ನೆಟ್ಟಗೆ ಮೈಗೆ ಆನಿಸಿ. ಬರಿಗಾಲಲ್ಲಿ ಮೇಲ್ತುದಿ ಎಲ್ಲಿಗೆ ಬರುತ್ತೆ? ಹಾಗೇ ಒಂದು ಪೊರಕೆ ಕೋಲು ಕೊಟ್ಟು, ಯಾವ ಕೈ ಕೆಳಗೆ ಇಡುತ್ತಾನೆ ನೋಡಿ. ಏನೂ ಹೇಳಿಕೊಡಬೇಡಿ.

ಮಿಸ್ಸಿಸಾಗಾ_ಅಮ್ಮ

ಟೋ ನೆಲಕ್ಕಿಟ್ಟರೆ ತುದಿ ಅವನ ತಲೆ ಮೇಲೆ ಇನ್ನೂ ನಾಲ್ಕು ಬೆರಳು ಬರುತ್ತೆ. ಪೊರಕೆ ಹಿಡಿದಾಗ ಬಲಗೈ ಕೆಳಗಿತ್ತು. ಕ್ರಿಕೆಟ್‌ನಲ್ಲೂ ಬಲಗೈ ಬ್ಯಾಟ್ಸ್‌ಮನ್. "ಕೆನಡಾದಲ್ಲಿ ಹೆಚ್ಚಿನ ಮಕ್ಕಳು ಲೆಫ್ಟೇ" ಅಂತ ಅಂಗಡಿಯಲ್ಲಿ ಹೇಳಿದ್ದಕ್ಕೆ ಲೆಫ್ಟ್ ತಗೊಂಡಿದ್ದು.

ನೀಲಿ_ಗೆರೆ

ಕೆನಡಾದಲ್ಲಿ ಲೆಫ್ಟ್ ಹೆಚ್ಚು ಅನ್ನೋದು ನಿಜ. ಆದರೆ ಅದು ಅಂಗಡಿ ಸ್ಟಾಕಿನ ಲೆಕ್ಕ, ನಿಮ್ಮ ಮಗನ ಕೈಯ ಲೆಕ್ಕ ಅಲ್ಲ. ಬಲಗೈ ಬ್ಯಾಟಿಂಗ್ ಮಾಡುವವರ ಹಿಡಿತ, ಅಂದರೆ ಮೇಲೆ ಎಡಗೈ ಕೆಳಗೆ ಬಲಗೈ, ಐಸ್ ಹಾಕಿಯ ರೈಟ್ ಸ್ಟಿಕ್ಕಿನ ಹಿಡಿತವೇ. ಚಿಕ್ಕಂದಿನಿಂದ ಬ್ಯಾಟ್ ಹಿಡಿದ ನಮ್ಮ ಮಕ್ಕಳಿಗೆ ಅದು ತಾನಾಗೇ ಬರುತ್ತದೆ. ಲೆಫ್ಟ್ ಹಿಡಿದು ವರ್ಷಗಟ್ಟಲೆ ಆಡಿ ಒಗ್ಗಿದ್ದರೆ ಬದಲಿಸಿ ಅಂತ ಹೇಳುತ್ತಿರಲಿಲ್ಲ. ಮೊದಲ ಸೀಸನ್ ತಾನೇ, ಎರಡು ಪ್ರಾಕ್ಟೀಸ್‌ಗೆ ಯಾರದಾದರೂ ರೈಟ್ ಸ್ಟಿಕ್ ಎರವಲು ಕೊಡಿಸಿ, ಅವನೇ ಹೇಳಲಿ.

ದಯವಿಟ್ಟು ಈಗಿರೋದನ್ನು ಕತ್ತರಿಸಬೇಡಿ. ಸ್ಕೇಟ್ಸ್ ಹಾಕಿ ನಿಂತಾಗ ತುದಿ ಗದ್ದಕ್ಕೂ ಮೂಗಿಗೂ ನಡುವೆ ಬರಬೇಕು. ಅದಕ್ಕೆ ನಿಮ್ಮ ಸ್ಟಿಕ್ಕಿನಿಂದ ಸುಮಾರು 6 ಇಂಚು ತೆಗೆಯಬೇಕು, 52 ಹೋಗಿ 46 ಆಗುತ್ತದೆ. ಶಾಫ್ಟ್ ಗಿಡ್ಡವಾದಷ್ಟೂ ಬಿಗಿ ಏರುತ್ತದೆ, ಅದೂ ಉದ್ದದ ಘನದ ಲೆಕ್ಕದಲ್ಲಿ. 52ನ್ನು 46ರಿಂದ ಭಾಗಿಸಿ, ಬಂದದ್ದರ ಘನ ತೆಗೆದರೆ 1.44. ಅಂದರೆ 50 ಫ್ಲೆಕ್ಸ್ ಇದ್ದದ್ದು 72ರ ಹತ್ತಿರ ಹೋಯಿತು. ಅದು 65 ಕೆ.ಜಿ. ತೂಕದ ದೊಡ್ಡವರ ಸ್ಟಿಕ್. ಉದ್ದದ ತೊಂದರೆ ತೀರುತ್ತದೆ, ಪಕ್ ಮಾತ್ರ ಇನ್ನೂ ಕೆಳಗೇ ಉಳಿಯುತ್ತದೆ. ಕತ್ತರಿಸದ ಸ್ಟಿಕ್ಕಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬೆಲೆಯಿದೆ. ಮಾರಿಬಿಡಿ, ಬಂದ ದುಡ್ಡು ಹೊಸದಕ್ಕೆ ಸೇರಲಿ.

ನಿಮಗೆ ಬೇಕಾದ್ದು: 46ರಿಂದ 48 ಇಂಚು, 30 ಫ್ಲೆಕ್ಸ್, ರೈಟ್. ಈ ಗಾತ್ರ ಕೆಲವು ಕಂಪನಿಯವರಲ್ಲಿ ಯೂತ್ ಹೆಸರಲ್ಲಿ, ಕೆಲವರಲ್ಲಿ ಜೂನಿಯರ್ ಹೆಸರಲ್ಲಿ ಬರುತ್ತದೆ. ಹೆಸರು ಬಿಟ್ಟು ಸಂಖ್ಯೆ ನೋಡಿ. ಅಂಗಡಿಗೆ ಹೋಗುವಾಗ ಸ್ಕೇಟ್ಸ್ ಜತೆಗಿರಲಿ, ಸ್ಕೇಟ್ಸ್ ಅಲಗಿಗೆ ಗಾರ್ಡ್ ಹಾಕಿ ನಿಲ್ಲಿಸಿಯೇ ಅಳೆಯಿರಿ.

ಶಾಫ್ಟ್_ಮೇಸ್ತ್ರಿ

ಮೇಲಿನದಕ್ಕೆ ಬೆಲೆಯ ಲೆಕ್ಕ ಸೇರಿಸ್ತೀನಿ. ನಿಮ್ಮ ಒಂಟಾರಿಯೋದಲ್ಲಿ ಎಚ್‌ಎಸ್‌ಟಿ (ಮಾರಾಟ ತೆರಿಗೆ) 13%. ತೆರಿಗೆ ಸೇರಿ 80 ಅಂದರೆ ಚೀಟಿಯ ಮೇಲಿನ ಬೆಲೆ 70 ದಾಟಬಾರದು. ಆ ದರಕ್ಕೆ ಬಾವರ್, ಸಿಸಿಎಂ, ವಾರಿಯರ್, ಶೆರ್ವುಡ್ ಕಂಪನಿಗಳ ಕೆಳಗಿನ ಸಾಲಿನ ಕಾಂಪೊಸಿಟ್ ಸ್ಟಿಕ್ ಸಿಗುತ್ತದೆ. ಅಥವಾ ಹೊಸ ಮಾದರಿ ಬಂದಾಗ ಹಳೆಯದರ ಮೇಲೆ ಕಡಿತ ಹಾಕುತ್ತಾರಲ್ಲ, ಅದರಲ್ಲಿ ಮಧ್ಯದ ಸಾಲಿನದೂ ಸಿಗಬಹುದು. ಕಳೆದ ವರ್ಷದ ಸ್ಟಿಕ್ಕಿಗೂ ಈ ವರ್ಷದ್ದಕ್ಕೂ ಬಣ್ಣದಲ್ಲೇ ಹೆಚ್ಚು ವ್ಯತ್ಯಾಸ.

ದುಬಾರಿ ಸ್ಟಿಕ್ಕಿಗೆ ಕೊಡುವ ದುಡ್ಡು ಮುಖ್ಯವಾಗಿ ತೂಕ ಇಳಿಸಲು ಹೋಗುತ್ತದೆ. ಕಾರ್ಬನ್ ಹೆಚ್ಚು, ಫೈಬರ್‌ಗ್ಲಾಸ್ ಕಡಿಮೆ, ಗೋಡೆ ತೆಳು. ಹಗುರವಾದ್ದು ಗಟ್ಟಿ ಅಂತಲ್ಲ. ಎದುರಾಳಿಯ ಸ್ಟಿಕ್ ಶಾಫ್ಟಿನ ಅಂಚಿಗೆ ಒಂದು ಏಟು ಕೊಟ್ಟರೆ ಅಗ್ಗದ್ದೂ ಮುರಿಯುತ್ತದೆ, ದುಬಾರಿಯದೂ ಮುರಿಯುತ್ತದೆ. 10 ವರ್ಷದ ಹುಡುಗನಿಗೆ ಮೇಲಿನ ಸಾಲಿನ ಸ್ಟಿಕ್ ಕೊಡಿಸುವುದನ್ನು ನಾನಂತೂ ಒಪ್ಪಲ್ಲ. ಅದೇ ದುಡ್ಡು ಸ್ಕೇಟ್ಸ್ ಸಾಣೆ ಹಿಡಿಸೋಕೆ, ಐಸ್ ಮೇಲೆ ಇನ್ನೊಂದಿಷ್ಟು ಗಂಟೆ ಕಳೆಯೋಕೆ ಹಾಕಿ. ಮರದ ಸ್ಟಿಕ್ ಇನ್ನೂ ಅಗ್ಗ, ಆದರೆ ಭಾರ, ಮಕ್ಕಳ ಕೈಗೆ ಬಾಗುವುದೂ ಇಲ್ಲ. ಅದನ್ನು ಮನೆ ಮುಂದಿನ ಡ್ರೈವ್‌ವೇ ಆಟಕ್ಕೆ ಇಟ್ಟುಕೊಳ್ಳಿ. ಕಾಂಪೊಸಿಟ್ ಬ್ಲೇಡನ್ನು ಡಾಂಬರಿನ ಮೇಲೆ ಉಜ್ಜಿದರೆ ಅಡಿ ತೇಯ್ದು ಪದರ ಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಪ್ಲೇ ಇಟ್ ಅಗೇನ್ ಸ್ಪೋರ್ಟ್ಸ್ ಥರದ ಅಂಗಡಿಗಳಿವೆ. ಕೈಗೆ ತಗೊಂಡ ತಕ್ಷಣ ಬ್ಲೇಡಿನ ಟೇಪು ಬಿಚ್ಚಿಸಿ ನೋಡಿ. ಬಿಚ್ಚಲು ಬಿಡದಿದ್ದರೆ ಆ ಸ್ಟಿಕ್ ಬೇಡ. ಬಿರುಕು ಟೇಪಿನ ಅಡಿಯಲ್ಲೇ ಅಡಗಿರುತ್ತದೆ, ಅದರಲ್ಲೂ ಹೀಲ್ ಹತ್ತಿರ, ಬ್ಲೇಡು ಶಾಫ್ಟಿಗೆ ಕೂಡುವಲ್ಲಿ. ಹೆಬ್ಬೆರಳಿಂದ ಬ್ಲೇಡಿನ ಮುಖ ಒತ್ತುತ್ತಾ ಹೋಗಿ. ಎಲ್ಲ ಕಡೆ ಒಂದೇ ಗಟ್ಟಿ ಇರಬೇಕು. ಎಲ್ಲಾದರೂ ಮೆತ್ತಗೆ ಒಳಗೆ ಹೋದರೆ ಒಳಗಿನ ಫೋಮ್ ಕಡೆ ಪದರ ಬಿಟ್ಟಿದೆ ಅಂತ ಅರ್ಥ. ಆಮೇಲೆ ಬ್ಲೇಡನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಕಿವಿಗೊಡಿ. ಒಳ್ಳೆಯದು ಟಣ್ ಅನ್ನುತ್ತದೆ, ಒಡೆದದ್ದು ಒಡೆದ ಮಡಕೆಯ ಹಾಗೆ ಬದ್ ಅನ್ನುತ್ತದೆ. ಶಾಫ್ಟಿನ ನಾಲ್ಕೂ ಅಂಚಿನ ಮೇಲೆ ಉಗುರು ಎಳೆಯಿರಿ. ಬಣ್ಣ ಹೋದ ಗೀರು ಪರವಾಗಿಲ್ಲ, ಉಗುರು ಸಿಕ್ಕಿಕೊಳ್ಳುವ ಸೀಳು ಆಗುವುದಿಲ್ಲ. ಕೊನೆಗೆ ಮೇಲ್ತುದಿ ಕ್ಯಾಪ್ ತೆಗೆಸಿ, ಕತ್ತರಿಸಿದ್ದಾರಾ, ಉದ್ದ ಹೆಚ್ಚಿಸಲು ಮರದ ತುಂಡು (ಎಕ್ಸ್‌ಟೆನ್ಷನ್) ತುರುಕಿದ್ದಾರಾ ನೋಡಿ. ಕತ್ತರಿಸಿದ್ದರೆ ಶಾಫ್ಟ್ ಮೇಲೆ ಮುದ್ರಿಸಿದ ಫ್ಲೆಕ್ಸ್ ನಂಬುವ ಹಾಗಿಲ್ಲ.

ಹೊಸದರಲ್ಲಿ ಹಲವು ಕಾಂಪೊಸಿಟ್ ಸ್ಟಿಕ್‌ಗಳಿಗೆ 30 ದಿನದ ವಾರಂಟಿ ಇರುತ್ತದೆ. ಕೆಳಗಿನ ಸಾಲಿನ ಎಲ್ಲದಕ್ಕೂ ಇರುವುದಿಲ್ಲ. ಬಿಲ್ ಹಾಕಿಸುವ ಮೊದಲೇ ಕೇಳಿ, ಬಿಲ್ ಎತ್ತಿಡಿ.

ಕೊಡಗು_ಟು_ಕ್ಯಾಲ್ಗರಿ

ಇಲ್ಲೇ ಒಂದು ಸೇರಿಸಿ ಕೇಳ್ತೀನಿ. ದೊಡ್ಡವರ ಬಿಗಿನರ್ ಕ್ಲಾಸ್‌ಗೆ ಸ್ಟಿಕ್ ಬೇಕು. ಎತ್ತರ 165 ಸೆಂ.ಮೀ., 60 ಕೆ.ಜಿ. ಊರಲ್ಲಿ ಆಡಿದ್ದು ಹುಲ್ಲಿನ ಹಾಕಿ. ಸೀನಿಯರ್ 85 ಫ್ಲೆಕ್ಸ್ ಪ್ರೊ ಸ್ಟಾಕ್ ಅಂತ ಅಗ್ಗಕ್ಕೆ ಬರ್ತಿದೆ, ತಗೊಳ್ಳಬಹುದಾ?

ನೀಲಿ_ಗೆರೆ

ಬೇಡ ಅಣ್ಣ. ಪ್ರೊ ಸ್ಟಾಕ್ ಅಂದರೆ ವೃತ್ತಿಪರ ಆಟಗಾರರಿಗೆ ಅಂತ ಮಾಡಿಸಿ ಉಳಿದದ್ದು. ಸಾಮಾನು ಒಳ್ಳೆಯದೇ ಇರುತ್ತದೆ. ಆದರೆ ಅದು ಅವರ ತೂಕಕ್ಕೆ, ಅವರ ಇಷ್ಟದ ಕರ್ವ್‌ಗೆ ಮಾಡಿದ್ದು, ವಾರಂಟಿಯೂ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಲೆಕ್ಕ 66. 85 ಫ್ಲೆಕ್ಸ್‌ನದನ್ನು ನಿಮ್ಮ ಎತ್ತರಕ್ಕೆ ಇಳಿಸಿದರೆ 100 ದಾಟುತ್ತದೆ. ನೀವು ಇಂಟರ್‌ಮೀಡಿಯೆಟ್ (ಜೂನಿಯರ್‌ಗೂ ಸೀನಿಯರ್‌ಗೂ ನಡುವಿನ ಗಾತ್ರ) ತಗೊಳ್ಳಿ, 57 ಇಂಚು, 55 ಫ್ಲೆಕ್ಸ್. 2 ಇಂಚು ಕತ್ತರಿಸಿದರೂ 61ರಲ್ಲಿ ನಿಲ್ಲುತ್ತದೆ. ಸೀನಿಯರ್‌ಗಿಂತ ಬೆಲೆಯೂ ಕಡಿಮೆ. ದೊಡ್ಡವರು ಇಂಟರ್‌ಮೀಡಿಯೆಟ್ ಹಿಡಿಯಬಾರದು ಅನ್ನೋ ಸಂಕೋಚ ಬೇಡ, ಸಪೂರ ಮೈಕಟ್ಟಿನವರಿಗೆ ಅದೇ ಸರಿ.

ಹುಲ್ಲಿನ ಹಾಕಿಯಲ್ಲಿ ಲೆಫ್ಟ್ ಸ್ಟಿಕ್ಕೇ ಇಲ್ಲ, ಎಲ್ಲರದೂ ಬಲಗೈ ಕೆಳಗೆ. ಆದ್ದರಿಂದ ನಿಮಗೂ ರೈಟ್. ಅಲ್ಲಿ ಸ್ಟಿಕ್ಕಿನ ಉಬ್ಬಿದ ಹಿಂಬದಿಯಿಂದ ಚೆಂಡು ಮುಟ್ಟುವ ಹಾಗಿರಲಿಲ್ಲ, ಇಲ್ಲಿ ಬ್ಲೇಡಿನ ಎರಡೂ ಮುಖ ನಿಮ್ಮವೇ. ಬ್ಯಾಕ್‌ಹ್ಯಾಂಡ್ (ಬ್ಲೇಡಿನ ಹಿಂಬದಿಯಿಂದ ಹೊಡೆಯುವುದು) ಕಲಿಯಲು ಬಾಗು ಕಡಿಮೆಯಿರುವ ಪಿ88 ಕರ್ವ್ ಹಿತ. ಪಿ92ರಲ್ಲಿ, ಸಿಸಿಎಂನವರ ಪಿ29ರಲ್ಲಿ ಮುಖ ತೆರೆದುಕೊಂಡಿರುವುದರಿಂದ ಪಕ್ ಬೇಗ ಏಳುತ್ತದೆ. ಪಿ28 ಟೋ ಕಡೆ ಜೋರಾಗಿ ತಿರುಗಿರುತ್ತದೆ, ಹೊಸಬರಿಗೆ ಬೇಡ.

ಶಾಫ್ಟ್_ಮೇಸ್ತ್ರಿ

ಕತ್ತರಿಸುವ ಕ್ರಮ, ಕೊಡಗಿನವರಿಗಾಗಿ. ಮೊದಲು ಕತ್ತರಿಸದೆ ಒಂದು ಕ್ಲಾಸ್ ಆಡಿ. ಉದ್ದ ಅನ್ನಿಸಿದರೆ ಒಂದೊಂದೇ ಇಂಚು ಇಳಿಸಿ. ಕತ್ತರಿಸುವ ಜಾಗಕ್ಕೆ ಮಾಸ್ಕಿಂಗ್ ಟೇಪು ಬಿಗಿಯಾಗಿ ಎರಡು ಸುತ್ತು ಸುತ್ತಿ, ಅದರ ಮೇಲೆ ಗೆರೆ ಹಾಕಿ. ಟೇಪು ಇಲ್ಲದಿದ್ದರೆ ಕಾರ್ಬನ್ ಎಳೆ ಕಿತ್ತು ಅಂಚು ಸೀಳುತ್ತದೆ. ಲೋಹ ಕೊಯ್ಯುವ ಹ್ಯಾಕ್ಸಾ ಬೇಕು, ಇಂಚಿಗೆ 24 ಅಥವಾ 32 ಹಲ್ಲಿನದು. ಮರ ಕೊಯ್ಯುವ ಗರಗಸದ ದೊಡ್ಡ ಹಲ್ಲು ಶಾಫ್ಟನ್ನು ಹಾಳುಮಾಡುತ್ತದೆ. ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪ ಗೀರಿ, ಆಮೇಲೆ ಒಳಗೆ ಇಳಿಸಿ. ಕೊಯ್ಯುವುದು ಮನೆಯ ಹೊರಗೆ, ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು. ಆ ಕಪ್ಪು ಪುಡಿ ಉಸಿರಲ್ಲಿ ಹೋಗಬಾರದು, ಚರ್ಮಕ್ಕೆ ತಾಗಿದರೆ ತುರಿಸುತ್ತದೆ. ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಕ್ಯಾಪ್ ಹಾಕಿ, ಮೇಲೆ ಟೇಪಿನ ಗುಬುಟು ಕಟ್ಟಿ. ತೆರೆದ ತುದಿಯ ಸ್ಟಿಕ್ ಹಿಡಿದು ಐಸ್‌ಗೆ ಇಳಿಯಲೇಬೇಡಿ, ಬಿದ್ದಾಗ ಇರಿಯುತ್ತದೆ.

ಮಿಸ್ಸಿಸಾಗಾ_ಅಮ್ಮ

ಎರವಲು ರೈಟ್ ಸ್ಟಿಕ್ ಅವನಿಗೆ ತಕ್ಷಣ ಒಗ್ಗಿತು. ಈಗ ಎರಡು ಸ್ಟಿಕ್ ನೋಡಿಟ್ಟಿದ್ದೀವಿ, ಎರಡೂ ರೈಟ್. ಒಂದು, ಮೇಲಿನ ಸಾಲಿನ ಸೆಕೆಂಡ್ ಹ್ಯಾಂಡ್, 40 ಫ್ಲೆಕ್ಸ್, 52ರದನ್ನು 48ಕ್ಕೆ ಕತ್ತರಿಸಿದ್ದು, 60 ಡಾಲರ್, ತುಂಬಾ ಹಗುರ. ಇನ್ನೊಂದು ಕೆಳಗಿನ ಸಾಲಿನ ಹೊಸದು, 30 ಫ್ಲೆಕ್ಸ್, 48 ಇಂಚು, ಪಿ92, 65 ಡಾಲರ್. ಸ್ಕೇಟ್ಸ್ ಹಾಕಿದಾಗ ಎರಡೂ ಮೂಗಿನ ಮಟ್ಟಕ್ಕೆ ಬರುತ್ತೆ.

ನೀಲಿ_ಗೆರೆ

ಎರಡನೆಯದು, ಮೇಡಂ. ಮೊದಲನೆಯದರ 40 ಫ್ಲೆಕ್ಸ್ ಕತ್ತರಿಸಿದ ಮೇಲೆ 50ರ ಮೇಲಾಗಿದೆ, ಮತ್ತೆ ಮೊದಲಿನ ಕಥೆಯೇ. ಹೊಸದಕ್ಕೆ ತೆರಿಗೆ ಸೇರಿ 73.45 ಆಗುತ್ತದೆ. ಸದ್ಯ ಒಂದಿಂಚೂ ಕತ್ತರಿಸಬೇಡಿ, ಮೂಗಿನ ಮಟ್ಟ ಈ ಸೀಸನ್‌ಗೆ ಸರಿ, ಮುಂದಿನದಕ್ಕೆ ಗದ್ದದ ಮಟ್ಟಕ್ಕೆ ಬಂದಿರುತ್ತದೆ. ಅದಕ್ಕಿಂತ ಕೆಳಗಿಳಿದರೆ ಎರಡು ಮೂರು ಇಂಚಿನ ಎಕ್ಸ್‌ಟೆನ್ಷನ್ ಹಾಕಿಸಬಹುದು. ಉಳಿದ ದುಡ್ಡಿಗೆ ಒಂದು ಇಂಚು ಅಗಲದ ಬಟ್ಟೆ ಟೇಪು ತಂದು, ಹೀಲ್‌ನಿಂದ ಟೋ ಕಡೆಗೆ, ಪ್ರತಿ ಸುತ್ತೂ ಹಿಂದಿನದರ ಮೇಲೆ ಕಾಲು ಇಂಚು ಕೂರುವಂತೆ ಸುತ್ತಿ. ನಾಲ್ಕೈದು ಪ್ರಾಕ್ಟೀಸ್ ಆದಮೇಲೆ ಸವೆತ ನೋಡಿ. ಬ್ಲೇಡಿನ ನಡುವೆ ಇದ್ದರೆ ಉದ್ದ ಸರಿಯಾಗಿದೆ. ಮತ್ತೆ ಟೋ ಕಡೆಗೇ ಇದ್ದರೆ ಅರ್ಧ ಇಂಚು ಇಳಿಸಿ ನೋಡಿ, ಅಷ್ಟಕ್ಕೆ ಫ್ಲೆಕ್ಸ್ ಹೆಚ್ಚೇನೂ ಏರುವುದಿಲ್ಲ.