ಕಸದ ಗುಡ್ಡೆ ಪಕ್ಕದ ನೀರು: ಅಂತರ್ಜಲ ತಜ್ಞೆಗೆ ಕೇಳಿ

ಅಡ್ಮಿನ್: ಕಸದ ಗುಡ್ಡೆಯಿಂದ ಇಳಿಯುವ ರಾಸಾಯನಿಕಗಳ ಬಗ್ಗೆ ಇವತ್ತು ಮೇಡಂ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಯಲಹಂಕದ ಸದಸ್ಯೆ: ಪಿಫಾಸ್ ಅಂದ್ರೇನು ಮೇಡಂ? ಕಸಕ್ಕೂ ಅದಕ್ಕೂ ಏನು ಸಂಬಂಧ?

ತಜ್ಞೆ: ನೀರು, ಎಣ್ಣೆ ಅಂಟದಂತೆ ಮಾಡುವ ರಾಸಾಯನಿಕಗಳ ದೊಡ್ಡ ಗುಂಪು. ನಾನ್‌ಸ್ಟಿಕ್ ತವಾ, ಕೆಲವು ರೇನ್‌ಕೋಟು, ತಿಂಡಿ ಪೊಟ್ಟಣಗಳಲ್ಲಿ ಬಳಸುತ್ತಾರೆ. ಕಸದಲ್ಲಿ ಬಿದ್ದರೂ ಕೊಳೆಯಲ್ಲ. ಮಳೆನೀರಿನ ಜೊತೆ ಕೆಳಗಿಳಿಯುತ್ತವೆ.

ರೈತ: ನಮ್ಮ ಜಮೀನಿನ ಮೇಲ್ಗಡೆ ಹಳೇ ಕ್ವಾರಿಯಲ್ಲಿ ಕಸ ಸುರಿದು ಮಣ್ಣು ಮುಚ್ಚಿದ್ದಾರೆ. ಮಳೆ ಬಂದರೆ ಬುಡದಿಂದ ಕಪ್ಪು ನೀರು ಜಿನುಗಿ ಕುಂಟೆಗೆ ಬರುತ್ತೆ. ನೇಪಿಯರ್ ಹುಲ್ಲಿಗೂ ಅದೇ ನೀರು. ಹಸುಗಳು ಮೂಸಿ ಮುಖ ತಿರುಗಿಸ್ತವೆ. ಬೋರ್ ನೀರು ಮಾತ್ರ ಚೆನ್ನಾಗೇ ಕಾಣುತ್ತೆ.

ತಜ್ಞೆ: ಮೊದಲು ಆ ಹುಲ್ಲಿಗೆ ಕುಂಟೆ ನೀರು ಬಿಡೋದು ನಿಲ್ಲಿಸಿ. ಅಮೆರಿಕದ ಮೇನ್ ರಾಜ್ಯದಲ್ಲಿ ಚರಂಡಿ ಕೆಸರನ್ನು ಗೊಬ್ಬರವಾಗಿ ಹಾಕಿದ ಹೊಲದ ಮೇವಿನಿಂದ ಪಿಫಾಸ್ ಹಸುವಿನ ಹಾಲಿಗೇ ಬಂತು. 2022ರಲ್ಲಿ ಅಲ್ಲಿ ಆ ಗೊಬ್ಬರವನ್ನೇ ನಿಷೇಧಿಸಿದರು. ನಿಮ್ಮದು ಕೆಸರಲ್ಲ, ಕಸದ ರಸ. ಆದರೆ ದಾರಿ ಅದೇ: ನೀರು, ಹುಲ್ಲು, ಹಾಲು.

ಬೋರ್ ನೀರು ತಿಳಿಯಾಗಿದೆ ಅಂತ ನಂಬಬೇಡಿ. ಪಿಫಾಸ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಕಡೆ ಕೆಳಗೆ ಬಂಡೆ. ನೀರು ಬಿರುಕು ಹಿಡಿದು ಹೋಗುತ್ತೆ, ದೂರ ಇದೆ ಅಂತ ಧೈರ್ಯ ಬೇಡ. ಹಳೇ ಕ್ವಾರಿಗಳಲ್ಲಿ ಸಾಮಾನ್ಯವಾಗಿ ತಳಕ್ಕೆ ಲೈನರ್, ಅಂದರೆ ರಸ ಕೆಳಗಿಳಿಯದಂತೆ ತಡೆಯುವ ಹಾಸು, ಇರಲ್ಲ. ಪಿಫಾಸ್ ಪರೀಕ್ಷೆ ದುಬಾರಿ. ಮೊದಲು ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಒಟ್ಟು ಅಳತೆ), ಕ್ಲೋರೈಡ್, ಅಮೋನಿಯಾ, ನೈಟ್ರೇಟ್ ಮಾಡಿಸಿ. ಕ್ಲೋರೈಡೂ ಅಮೋನಿಯಾವೂ ಒಟ್ಟಿಗೆ ಏರಿದ್ದರೆ ಕಸದ ರಸ ಸೇರಿರಬಹುದು. ಬೋರ್ ಗುಡ್ಡೆಯ ಇಳಿಜಾರಿಗಿದೆಯಾ? ಕೇಸಿಂಗ್, ಅಂದರೆ ಬೋರಿನ ಮೇಲ್ಭಾಗಕ್ಕೆ ಇಳಿಸಿರುವ ಪೈಪು, ಎಷ್ಟು ಅಡಿ?

ಇನ್ನೊಬ್ಬರು: ಫಾರ್ವರ್ಡ್ ಬಂದಿದೆ: ನುಗ್ಗೆ ಬೀಜದ ಪುಡಿ ಹಾಕಿ, ಕುದಿಸಿ, ತಾಮ್ರದ ಚೊಂಬಿನಲ್ಲಿಟ್ಟರೆ ಎಲ್ಲ ವಿಷ ಹೋಗುತ್ತೆ.

ತಜ್ಞೆ: ನುಗ್ಗೆ ಬೀಜ ರಾಡಿ ಇಳಿಸುತ್ತೆ, ಪಿಫಾಸ್ ತೆಗೆಯಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ವಿಷ ಇನ್ನೂ ಗಟ್ಟಿಯಾಗುತ್ತೆ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಫ್ಲ್ಯಾಟ್‌ನವರು: ಕುದಿಸಿದರೆ ಆಗುತ್ತಾ ಮೇಡಂ?

ತಜ್ಞೆ: ಆಗಲ್ಲ. ಮೇಲೆ ಓದಿ.

ಮಂಡೂರು ಕಡೆಯವರು: ನಿಮ್ಮ ಫ್ಲ್ಯಾಟ್‌ಗಳ ಕಸವೇ ನಮ್ಮೂರಿಗೆ ಬರ್ತಿತ್ತು. 2014ರ ಕೊನೆಗೆ ನಿಲ್ಲಿಸಿದರು, ಅದೂ ನಾವು ಬೀದಿಗಿಳಿದ ಮೇಲೆ.

ಫ್ಲ್ಯಾಟ್‌ನವರು: ನಾವು ಹಸಿ, ಒಣ ಬೇರೆ ಮಾಡಿಯೇ ಕೊಡ್ತೀವಿ. ಲಾರಿಯಲ್ಲಿ ಒಂದಾದರೆ ನಮ್ಮ ತಪ್ಪಾ?

ಮಂಡೂರು ಕಡೆಯವರು: ಬಂದು ಒಂದು ಲೋಟ ನೀರು ಕುಡಿದು ಹೇಳಿ.

ಫ್ಲ್ಯಾಟ್‌ನವರು: ಮಾತು ನೆಟ್ಟಗಿರಲಿ ಸ್ವಾಮಿ.

ಅಡ್ಮಿನ್: ಇಬ್ಬರೂ ಸುಮ್ನಿರಿ.

ಯಲಹಂಕದ ಸದಸ್ಯೆ: ಬಾಣಂತಿ ಮಗಳಿದ್ದಾಳೆ. ಎದೆಹಾಲಿಗೆ ತೊಂದರೆಯಾ?

ಫ್ಲ್ಯಾಟ್‌ನವರು: ಹಾಗಾದ್ರೆ ಆರ್‌ಒ?

ತಜ್ಞೆ: ಬಹುಪಾಲು ತೆಗೆಯುತ್ತೆ, ಫಿಲ್ಟರ್ ಸಮಯಕ್ಕೆ ಬದಲಾಯಿಸಿದರೆ. ಯಾವ ಕಂಪನಿ ಅಂತ ಕೇಳಬೇಡಿ.

ಫ್ಲ್ಯಾಟ್‌ನವರು: ಯಾವ ಕಂಪನಿದು ಒಳ್ಳೇದು ಮೇಡಂ?

ರೈತ: ಬೋರ್ ಇಳಿಜಾರಿಗೇ ಇದೆ. ಕೇಸಿಂಗ್ 40 ಅಡಿ. ಕುಡಿಯೋದೂ ಅದೇ ನೀರು.

ತಜ್ಞೆ: ವರದಿ ಬರೋವರೆಗೆ ಕುಡಿಯಬೇಡಿ. ಬೇರೆ ಕಡೆಯಿಂದ ತನ್ನಿ. ಸ್ಯಾಂಪಲ್ ಹಿಡಿಯುವ ಮುಂಚೆ ನನಗೆ ಫೋನ್ ಮಾಡಿ, ಬಾಟಲಿ ನಾನೇ ಕೊಡ್ತೀನಿ.