ಮನೆಯವರ ಐವತ್ತನೆಯ ಹುಟ್ಟುಹಬ್ಬಕ್ಕೆ ವಿದೇಶ ಪ್ರವಾಸ: ಕಾಂಬೋಡಿಯಾವೋ, ಶ್ರೀಲಂಕೆಯೋ?

ಕಾಲುವೆದಂಡೆ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನನ್ನ ಹೆಂಡತಿಗೆ ಐವತ್ತು ತುಂಬುತ್ತದೆ. ಮದುವೆಯಾದಂದಿನಿಂದ ನಾವಿಬ್ಬರೇ ಹೊರಟ ಪ್ರವಾಸವೆಂಬುದು ಇಲ್ಲ. ಹೋದಲ್ಲೆಲ್ಲ ಮಕ್ಕಳು, ಹಿರಿಯರು, ಸಾಲದ್ದಕ್ಕೆ ಓಣಿಯ ನಾಲ್ಕು ಮಂದಿ ಜೊತೆಗಿರುತ್ತಿದ್ದರು. ಈಗ ಮಗಳ ಮದುವೆಯಾಗಿದೆ, ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಆದ್ದರಿಂದ ಈ ಸಲ ಒಂದು ವಾರದ ಮಟ್ಟಿಗೆ ಅವಳನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಬೇಕು, ಅದೂ ಹೊರಡುವ ದಿನದವರೆಗೆ ಅವಳಿಗೆ ಸುಳಿವು ಸಿಗಬಾರದು ಎಂಬುದು ನನ್ನ ಆಸೆ.

ಅವಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ, ನಾನು ಭತ್ತ ಬೆಳೆಯುವವನು. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ ಹಜಾರರಾಮ ದೇವಸ್ಥಾನದ ಗೋಡೆಯ ರಾಮಾಯಣದ ಮುಂದೆ, ಮಕ್ಕಳು ಬೇಸತ್ತು ನೆರಳು ಹುಡುಕುವವರೆಗೂ ನಿಲ್ಲುವವಳು ಅವಳು. ಹಾಗಾಗಿ ನನ್ನ ಮನಸ್ಸು ಕಾಂಬೋಡಿಯಾದ ಅಂಕೋರ್ ವಾಟ್ ಗುಡಿಯ ಕಡೆಗಿದೆ. ಮಗ ಬಾಲಿ ಎನ್ನುತ್ತಾನೆ, ಏಜೆಂಟರು ಶ್ರೀಲಂಕಾ ಎನ್ನುತ್ತಾರೆ.

ದಿನಾಂಕದ್ದೂ ಒಂದು ತೊಡಕು. ನಮ್ಮ ಕಾಲದ ಅರ್ಧ ಮಂದಿಯಂತೆ ಅವಳ ಶಾಲಾ ದಾಖಲೆಯಲ್ಲಿಯೂ ಜೂನ್ 1 ಎಂದೇ ಇದೆ. ಆದರೆ ನಮ್ಮ ಅತ್ತೆಯವರ ಲೆಕ್ಕದಲ್ಲಿ ಅವಳು ಕೊಪ್ಪಳದ ಗವಿಮಠದ ತೇರಿನ ಮರುದಿನ ಹುಟ್ಟಿದವಳು, ಮನೆಯಲ್ಲಿ ಆಚರಿಸುವುದೂ ಅಂದೇ. ತೇರು ಪುಷ್ಯ ಬಹುಳ ಬಿದಿಗೆಗೆ ಬರುವುದರಿಂದ 2024ರಲ್ಲಿ ಜನವರಿ 27ಕ್ಕೆ, 2025ರಲ್ಲಿ 15ಕ್ಕೆ, 2026ರಲ್ಲಿ 5ಕ್ಕೆ, ಹೀಗೆ ಹಿಂದುಮುಂದಾಗುತ್ತದೆ. ಜನವರಿಯಲ್ಲಿಯೇ ಹೋಗುವುದು ಸರಿಯೋ, ಶಾಲೆಗೆ ರಜೆಯಿರುವ ದಸರಾ ಅಥವಾ ಏಪ್ರಿಲ್ ಸರಿಯೋ? ಅವಳು ಅಪ್ಪಟ ಸಸ್ಯಾಹಾರಿ, ಬಲಗಾಲಿನ ಮೊಣಕಾಲು ಸ್ವಲ್ಪ ನೋಯುತ್ತದೆ ಎಂಬುದನ್ನೂ ಗಮನಿಸಿ ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಕೋಟೆಕೆಳಗೆ, ಬಳ್ಳಾರಿ

ಮಾನ್ಯರೇ, ಹೆಂಡತಿಗೆ ಗೊತ್ತಾಗದಂತೆ ಸೀರೆ ತರಬಹುದು, ಬಂಗಾರ ತರಬಹುದು; ಪಾಸ್‌ಪೋರ್ಟ್ ಮಾಡಿಸಲಾಗದು. ಫೋಟೊ ಮತ್ತು ಬೆರಳಚ್ಚಿಗೆ ಅವರೇ ಸೇವಾ ಕೇಂದ್ರಕ್ಕೆ ಬರಬೇಕು, ಪೊಲೀಸ್ ಪರಿಶೀಲನೆಗೂ ಅವರೇ ಸಹಿ ಹಾಕಬೇಕು. ಅವರು ಸರ್ಕಾರಿ ನೌಕರರಾದ್ದರಿಂದ ಪಾಸ್‌ಪೋರ್ಟ್ ಅರ್ಜಿಯ ವಿಷಯವನ್ನು ಇಲಾಖೆಗೆ ಮೊದಲೇ ಲಿಖಿತವಾಗಿ ತಿಳಿಸಿರಬೇಕು, ಖಾಸಗಿ ವಿದೇಶ ಪ್ರವಾಸಕ್ಕೆ ಪೂರ್ವಾನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು. ನೀವು ಎಷ್ಟೇ ಮುಚ್ಚಿಟ್ಟರೂ ಬಿಇಒ ಕಚೇರಿಯಿಂದ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಲು ಒಂದು ಮಧ್ಯಾಹ್ನ ಸಾಕು. ಗುಟ್ಟಿನ ಯೋಚನೆಯನ್ನು ಇಲ್ಲಿಗೇ ಬಿಡುವುದು ಒಳಿತು.

ಜೂನ್ 1ರ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಬೇಕೆಂದಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಡೆಯುತ್ತದೆ. ಅಂಕಪಟ್ಟಿ, ಸೇವಾ ಪುಸ್ತಕ, ಆಧಾರ್ ಮೂರರಲ್ಲಿಯೂ ಒಂದೇ ದಿನಾಂಕವಿದ್ದರೆ ಅದನ್ನೇ ಉಳಿಸಿಕೊಳ್ಳಿ. ನಿಜವಾದ ದಿನಾಂಕ ಬರೆಸುತ್ತೇನೆಂದು ಹೊರಟರೆ ತಿಂಗಳುಗಟ್ಟಲೆ ಅಲೆದಾಟ. ವೀಸಾ, ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟಿನ ದಿನಾಂಕವೇ ಇರಲಿ. ಹೋಟೆಲಿನವರಿಗೆ ಮಾತ್ರ ಯಾವ ದಿನ ಕೇಕ್ ಬೇಕೆಂದು ಬೇರೆಯಾಗಿ ಬರೆದು ತಿಳಿಸಿ. ಇಲ್ಲದಿದ್ದರೆ ಅವರು ಪಾಸ್‌ಪೋರ್ಟ್ ನೋಡಿ ಸುಮ್ಮನಿರುತ್ತಾರೆ. ಹೆಸರಿನ ಮುಂದಿನ ಇನಿಷಿಯಲ್‌ಗಳನ್ನು ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆಯಬೇಕಾಗುತ್ತದೆ, ಟಿಕೆಟ್‌ನಲ್ಲಿಯೂ ಅಕ್ಷರ ತಪ್ಪದೆ ಅದೇ ಹೆಸರು ಬರಬೇಕು. ಮದುವೆ ನೋಂದಣಿ ಪತ್ರವನ್ನು 2016ರ ಡಿಸೆಂಬರ್‌ನಿಂದ ಕೇಳುತ್ತಿಲ್ಲ. ಶುಲ್ಕ ಸಾಮಾನ್ಯ ಅರ್ಜಿಗೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಈಗಲೇ ಅರ್ಜಿ ಹಾಕಿದರೆ ತತ್ಕಾಲ್‌ನ ಅಗತ್ಯವಿಲ್ಲ.

ಹಣದ ಬಗ್ಗೆ, ನಾನು ಬ್ಯಾಂಕಿನಲ್ಲಿದ್ದವನಾದ್ದರಿಂದ, ಇನ್ನೊಂದು ಮಾತು. ಏಜೆಂಟರಿಂದ ವಿದೇಶದ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತಾರೆ. ಅದು ಖರೀದಿಸಿದವರ ಪ್ಯಾನ್ ಖಾತೆಗೆ ಜಮೆಯಾಗುತ್ತದೆ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬೇಕು. ಕೃಷಿ ಆದಾಯವೊಂದೇ ಇರುವವರು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸುವುದಿಲ್ಲ, ಹೀಗಾಗಿ ಆ ಹಣ ಅಲ್ಲೇ ಉಳಿದುಬಿಡುತ್ತದೆ. ನಿಮ್ಮ ಮನೆಯವರು ಸಂಬಳದವರು, ಹೇಗೂ ರಿಟರ್ನ್ ಹಾಕುತ್ತಾರೆ. ಬುಕಿಂಗ್ ಅವರ ಪ್ಯಾನ್ ಮೇಲೆಯೇ ಇರಲಿ. ವಿಮಾನದ ಟಿಕೆಟ್ ಮತ್ತು ಹೋಟೆಲನ್ನು ಬೇರೆ ಬೇರೆಯಾಗಿ ನೀವೇ ಕೊಂಡರೆ ಅದು ಪ್ಯಾಕೇಜ್ ಎನಿಸುವುದಿಲ್ಲ. ಭತ್ತದ ದುಡ್ಡು ನಗದಾಗಿ ಕೈಗೆ ಬಂದಿದ್ದರೂ ವಿದೇಶಿ ಹಣ ಕೊಳ್ಳುವಾಗ 50,000 ರೂಪಾಯಿಗಿಂತ ಹೆಚ್ಚಿನದನ್ನು ಬ್ಯಾಂಕ್ ಮೂಲಕವೇ ಕೊಡಬೇಕು.

ಹತ್ತಿಗಾಡಿ, ರಾಯಚೂರು

ಗಂಗಾವತಿಯವರೇ, ನಿಮ್ಮ ಮನಸ್ಸು ಸರಿಯಾದ ಕಡೆಗೇ ಹೋಗಿದೆ. ನಾನು ಮತ್ತು ನಮ್ಮ ಮನೆಯವರು ಒಂದು ಡಿಸೆಂಬರ್‌ನಲ್ಲಿ ಕಾಂಬೋಡಿಯಾಕ್ಕೆ ಹೋಗಿ ಬಂದಿದ್ದೇವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಮಳೆಯಿಲ್ಲದ, ಬಿಸಿಲು ಹದವಾಗಿರುವ ಕಾಲ. ದಸರಾ ರಜೆಗೆ ಹೋದರೆ ಮಳೆ ಇನ್ನೂ ಹಿಂದೆಗೆದಿರುವುದಿಲ್ಲ. ಏಪ್ರಿಲ್‌ನ ಬಿಸಿಲು ನಮ್ಮ ರಾಯಚೂರಿನದಕ್ಕೆ ಸೋಲುವಂಥದ್ದಲ್ಲ, ಅದಕ್ಕೆ ಅಷ್ಟು ದೂರ ಹೋಗಬೇಕೇ? ನಿಮ್ಮ ಮಗ ಹೇಳುವ ಬಾಲಿಗೆ ಜನವರಿ ಎಂದರೆ ನಡುಮಳೆಗಾಲ, ಆದ್ದರಿಂದ ಅದನ್ನು ಪಟ್ಟಿಯಿಂದ ತೆಗೆಯಬಹುದು.

ಹಜಾರರಾಮದ ಗೋಡೆಯ ಮುಂದೆ ನಿಲ್ಲುವವರಿಗೆ ಅಂಕೋರ್ ವಾಟ್ ಹೇಳಿ ಮಾಡಿಸಿದ ಜಾಗ. 12ನೆಯ ಶತಮಾನದ ಮೊದಲರ್ಧದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಲು ತೊಡಗಿದ ಈ ಗುಡಿ ಪಶ್ಚಿಮಾಭಿಮುಖವಾಗಿದೆ. ಒಳಹೊಕ್ಕು ಬಲಕ್ಕೆ ತಿರುಗಿದರೆ ಗೋಡೆಯುದ್ದಕ್ಕೂ ಕುರುಕ್ಷೇತ್ರ, ಎಡಕ್ಕೆ ತಿರುಗಿದರೆ ಲಂಕೆಯ ಯುದ್ಧ. ಲಂಕೆಯ ಯುದ್ಧದಲ್ಲಿ ರಾಮ ಹನುಮಂತನ ಹೆಗಲ ಮೇಲೆ ನಿಂತು ಬಾಣ ಬಿಡುತ್ತಾನೆ, ಸುತ್ತಲೂ ಕಪಿಗಳು ರಾಕ್ಷಸರನ್ನು ಹಲ್ಲಿನಿಂದ ಕಚ್ಚಿ ಹಿಡಿದಿವೆ. ಶತಮಾನಗಳಿಂದ ಕೈಯಾಡಿಸಿದವರಿಂದ ಕಲ್ಲು ಅಲ್ಲಲ್ಲಿ ಎಣ್ಣೆ ಸವರಿದಂತೆ ಕಪ್ಪಾಗಿ ಮಿರುಗುತ್ತದೆ. ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನವಿದೆ. ಬೆಳಗಿನ ಜಾವ ಎಲ್ಲರೂ ಸೂರ್ಯೋದಯಕ್ಕೆಂದು ಕೊಳದ ದಂಡೆಯಲ್ಲಿ ಮುಗಿಬಿದ್ದಿರುತ್ತಾರೆ. ಅದನ್ನು ನೋಡಲೇಬೇಕೆಂಬ ಹಟವಿಲ್ಲದಿದ್ದರೆ, ಬಾಗಿಲು ತೆರೆದ ಕೂಡಲೇ ನೇರವಾಗಿ ಈ ಗೋಡೆಗಳ ಬಳಿಗೆ ಹೋಗಿ, ನಿಶ್ಚಿಂತೆಯಿಂದ ನೋಡಬಹುದು.

ಇನ್ನು ಆನೆಗೊಂದಿ ಸೀಮೆಯವರಾದ ನೀವು ಬಾಂತೇ ಸ್ರೇಯನ್ನು ಬಿಡಲೇಬಾರದು. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯ ಮುಖ್ಯ ಗುಡಿಗಳಿಂದ ಸ್ವಲ್ಪ ದೂರದಲ್ಲಿದೆ. ಕೆಂಬಣ್ಣದ ಮರಳುಗಲ್ಲಿನಲ್ಲಿ ಕೆತ್ತಿದ ಅಲ್ಲಿಯ ವಾಲಿ-ಸುಗ್ರೀವರ ಕಾಳಗವನ್ನು, ದಿನಾ ಕಿಷ್ಕಿಂಧೆಯನ್ನು ನೋಡುತ್ತಲೇ ಬೆಳೆದವರು ನೋಡುವ ಬಗೆಯೇ ಬೇರೆ. ಕ್ಬಾಲ್ ಸ್ಪಿಯನ್ ಎಂಬಲ್ಲಿ ಹರಿಯುವ ಹೊಳೆಯ ತಳದಲ್ಲಿಯೇ ಲಿಂಗಗಳನ್ನು ಸಾಲುಸಾಲಾಗಿ ಕೆತ್ತಿದ್ದಾರೆ, ಆದರೆ ಅಲ್ಲಿಗೆ ಕಾಡಿನಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಏರು ನಡೆಯಬೇಕು. ಮೊಣಕಾಲು ಆ ದಿನ ಹೇಗಿದೆ ಎಂಬುದನ್ನು ನೋಡಿಕೊಂಡು ಅಲ್ಲಿಯೇ ತೀರ್ಮಾನಿಸಿ. ಅಂಕೋರ್ ವಾಟ್‌ನ ಮೇಲಿನ ಅಂತಸ್ತಿನ ಮೆಟ್ಟಿಲುಗಳು ಅಂಜನಾದ್ರಿಯ 575ರಷ್ಟು ಇಲ್ಲ, ಆದರೆ ಬಹಳ ಕಡಿದು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಬೌದ್ಧರ ಪವಿತ್ರ ದಿನಗಳಂದು ಅದನ್ನು ಮುಚ್ಚಿರುತ್ತಾರೆ. ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ, ನಮ್ಮ ಹೆಣ್ಣುಮಕ್ಕಳಿಗೆ ಅದೇನೂ ತೊಂದರೆಯಲ್ಲ.

ಪ್ರವೇಶಕ್ಕೆ ಒಂದು ದಿನಕ್ಕೆ 37, ಮೂರು ದಿನಕ್ಕೆ 62, ಏಳು ದಿನಕ್ಕೆ 72 ಡಾಲರ್. ಮೂರು ದಿನದ್ದನ್ನು ಹತ್ತು ದಿನಗಳೊಳಗೆ ಬಿಡುವು ಕೊಟ್ಟು ಬಳಸಬಹುದಾದ್ದರಿಂದ ನಿಮಗೆ ಅದೇ ಸೂಕ್ತ. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಆದರೆ ಅಂಚು ಹರಿದ ನೋಟನ್ನು ಮುಟ್ಟುವುದಿಲ್ಲ. ವೀಸಾವನ್ನು ಆ ದೇಶದ ಸರ್ಕಾರಿ ಜಾಲತಾಣದಲ್ಲಿಯೇ ಪಡೆಯಿರಿ, ಅದನ್ನೇ ಹೋಲುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಏಜೆಂಟರು ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಮೂರನ್ನೂ ಒಂದೇ ವಾರದಲ್ಲಿ ತೋರಿಸುತ್ತೇನೆಂದರೆ ಒಪ್ಪಬೇಡಿ. ನಿಮ್ಮ ಮನೆಯವರ ಹುಟ್ಟುಹಬ್ಬ ವಿಮಾನ ನಿಲ್ದಾಣದ ಸಾಲಿನಲ್ಲಿಯೇ ಕಳೆದುಹೋಗುತ್ತದೆ. ಥಾಯ್ಲೆಂಡಿನಿಂದ ರಸ್ತೆಯ ಮೂಲಕ ಹೋಗುವ ಯೋಚನೆಯೂ ಬೇಡ, 2025ರಲ್ಲಿ ಆ ಗಡಿಯಲ್ಲಿ ಗುಂಡಿನ ಕಾಳಗ ನಡೆದು ದಾರಿ ಮುಚ್ಚಿತು. ಬ್ಯಾಂಕಾಕ್, ಸಿಂಗಾಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ, ಈ ಗುಡಿಗಳಿಗೆ ಹತ್ತಿರದ ಊರಾದ ಸಿಯೆಮ್ ರೀಪ್ ತಲುಪುವ ಒಂದೇ ಟಿಕೆಟ್ ಕೊಳ್ಳಿ.

ಊಟದ ವಿಷಯಕ್ಕೆ ಬಂದರೆ, ಅಲ್ಲಿಯ ಅಡುಗೆಯಲ್ಲಿ ಮೀನಿನ ಸಾರ ಎಲ್ಲಿ ಅಡಗಿದೆಯೆಂದು ಹೇಳಲಾಗದು. ಸಿಯೆಮ್ ರೀಪ್‌ನಲ್ಲಿ ಭಾರತೀಯ ಹೋಟೆಲುಗಳಿವೆ, ರಾತ್ರಿ ಊಟಕ್ಕೆ ಸಾಕು. ಹಗಲಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಯನ್ನು ಲಗೇಜಿನಲ್ಲಿ ಹಾಕಿಕೊಂಡು ಹೋಗಿ. ಗುಡಿಯ ಹೊರಗಿನ ಮರದ ಕೆಳಗೆ ಕುಳಿತು ನಾವು ರೊಟ್ಟಿ ಮುರಿದಾಗ ನಮ್ಮ ಟುಕ್‌ಟುಕ್ ಚಾಲಕನೂ ಒಂದು ತುಂಡು ಕೇಳಿ ತಿಂದ.

ಕಂಪ್ಲಿ ಟೀಚರ್

ಅಣ್ಣಾವರೇ, ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ಶಿಕ್ಷಕಿಯಾಗಿ ನನಗೆ ರಜೆಯ ಚಿಂತೆಯೇ ಮೊದಲು ಬರುತ್ತದೆ. ಬೇಸಿಗೆ, ದಸರಾ ರಜೆಗಳಿರುವ ಇಲಾಖೆಯೆಂದು ನಮಗೆ ಗಳಿಕೆ ರಜೆ ಕಡಿಮೆ ಸಿಗುತ್ತದೆ. ವೈನಿಯವರ ಖಾತೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕೇಳದೆ ಟಿಕೆಟ್ ಕೊಳ್ಳಬೇಡಿ. ಜನವರಿ 26ರ ಧ್ವಜಾರೋಹಣಕ್ಕೆ ಅವರು ಶಾಲೆಯಲ್ಲಿರಲೇಬೇಕು. ತೇರು ತಿಂಗಳ ಕೊನೆಗೆ ಬಂದ ವರ್ಷ ಹುಟ್ಟುಹಬ್ಬವನ್ನು ಹಿಂದಕ್ಕೋ ಮುಂದಕ್ಕೋ ಸರಿಸದೆ ಬೇರೆ ದಾರಿಯಿಲ್ಲ.

ರಜೆ ನಾಲ್ಕೈದು ದಿನವಷ್ಟೇ ಸಿಗುವುದಾದರೆ ಶ್ರೀಲಂಕೆಯನ್ನು ತಳ್ಳಿಹಾಕಬೇಡಿ. ಬೆಂಗಳೂರಿನಿಂದ ಕೊಲಂಬೊ ಒಂದೂವರೆ ಗಂಟೆಯ ಹಾದಿ. ಜನವರಿಯಲ್ಲಿ ಅಲ್ಲಿಯ ಪಶ್ಚಿಮ ಮತ್ತು ದಕ್ಷಿಣ ಕರಾವಳಿ ಒಣಗಿರುತ್ತದೆ, ತ್ರಿಕೋಣಮಲೆಯ ಕಡೆಗೆ ಮಾತ್ರ ಆಗ ಮಳೆ. ಕ್ಯಾಂಡಿ, ನುವಾರ ಎಲಿಯ, ಅಲ್ಲಿಗೆ ಹತ್ತಿರದ ಸೀತೆಯ ಗುಡಿ ಇಷ್ಟನ್ನು ಆತುರವಿಲ್ಲದೆ ನೋಡಬಹುದು. ಸಿಗಿರಿಯಾ ಬಂಡೆಗೆ ಸುಮಾರು 1,200 ಮೆಟ್ಟಿಲುಗಳಿರುವುದರಿಂದ ಅದನ್ನು ಕೆಳಗಿನಿಂದಲೇ ನೋಡಿ. ಅನ್ನ, ಬೇಳೆ, ತೆಂಗಿನಕಾಯಿಯ ಊಟ ನಮಗೆ ಒಗ್ಗುತ್ತದೆ, ಆದರೆ ಕಾಯಿತುರಿಯ ಸಂಬೋಲದಲ್ಲಿ ಒಣಮೀನಿನ ಚೂರು ಬೆರೆಸುವ ರೂಢಿಯಿದೆ, ಕೇಳಿಯೇ ತಿನ್ನಬೇಕು.

ಒಂದು ಮಾತು ಖಾರವೆನಿಸಿದರೆ ಕ್ಷಮಿಸಿ. ನಮ್ಮ ಕಡೆ ಹೆಣ್ಣುಮಕ್ಕಳ ವಿಷಯದಲ್ಲಿ ಎಲ್ಲವನ್ನೂ ಬೇರೆಯವರೇ ನಿರ್ಧರಿಸಿ, ಕೊನೆಗೆ ಖುಷಿಪಡು ಎನ್ನುತ್ತಾರೆ. ಐವತ್ತನೆಯ ಹುಟ್ಟುಹಬ್ಬದ ಊರನ್ನಾದರೂ ಅವರೇ ಆರಿಸಲಿ. ನಾಲ್ಕು ಫೋಟೊ ಮುಂದಿಟ್ಟು ಕೇಳಿ ನೋಡಿ.

ಕಾಲುವೆದಂಡೆ, ಗಂಗಾವತಿ

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ವಿಷಯ ತಿಳಿಸಿದೆ. ಮೊದಲು ಖರ್ಚೆಷ್ಟು ಎಂದು ಕೇಳಿದಳು, ಆಮೇಲೆ ಲಂಕೆಯ ಯುದ್ಧದ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕುಳಿತಳು. ಕಾಂಬೋಡಿಯಾ ಎಂದು ತೀರ್ಮಾನವಾಗಿದೆ. ತೇರು ತಪ್ಪಿಸಲು ಅವಳು ಒಪ್ಪುವುದಿಲ್ಲ, ನನಗೂ ಎರಡನೆಯ ಬೆಳೆಯ ನಾಟಿಯಿದೆ. ಆದ್ದರಿಂದ ಕೊಯ್ಲು ಮುಗಿಸಿ ಡಿಸೆಂಬರ್ ಕೊನೆಯಲ್ಲಿ ಹೋಗಿ ಬರುವುದು, ತೇರಿನ ಮರುದಿನ ಮನೆಯಲ್ಲಿ ಹೋಳಿಗೆ ಮಾಡುವುದು ಎಂದುಕೊಂಡಿದ್ದೇವೆ. ಇಲಾಖೆಯ ಅನುಮತಿಗೆ ಸೋಮವಾರ ಅರ್ಜಿ ಕೊಡುತ್ತಾಳೆ. ವಿಮಾನವನ್ನು ಬೆಂಗಳೂರಿನಿಂದ ಹಿಡಿಯುವುದೋ, ಹೈದರಾಬಾದಿನಿಂದಲೋ ಎಂಬುದೊಂದು ಉಳಿದಿದೆ.

ಹತ್ತಿಗಾಡಿ, ರಾಯಚೂರು

ಗಂಗಾವತಿಯಿಂದ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಸಿಂಧನೂರು, ರಾಯಚೂರು, ಮಹಬೂಬನಗರದ ಮೇಲೆ ಬಂದರೆ ಶಂಷಾಬಾದ್ ನಿಲ್ದಾಣ ಊರಿಗಿಂತ ಮೊದಲೇ ಸಿಗುವುದರಿಂದ ಹೈದರಾಬಾದಿನ ಟ್ರಾಫಿಕ್ ಹೊಗಬೇಕಾಗಿಲ್ಲ. ಆದರೆ ನಿಮ್ಮ ಮಗ ಬೆಂಗಳೂರಿನಲ್ಲಿದ್ದಾನೆ. ಹಿಂದಿನ ದಿನ ಅವನ ಮನೆಯಲ್ಲಿ ತಂಗಿ ಹೊರಡಬಹುದು. ಡಿಸೆಂಬರ್ ಕೊನೆಯೆಂದರೆ ಕ್ರಿಸ್‌ಮಸ್ ಸಮಯ, ದರ ಏರುತ್ತಲೇ ಹೋಗುತ್ತದೆ. ಪಾಸ್‌ಪೋರ್ಟ್ ಕೈಸೇರಿ ಅನುಮತಿ ಸಿಕ್ಕ ಕೂಡಲೇ ಎರಡೂ ಊರಿನ ದರ ನೋಡಿ, ಕಡಿಮೆಯಿದ್ದ ಕಡೆಯಿಂದ ಟಿಕೆಟ್ ಮಾಡಿಸಿ. ಅಲ್ಲಿಗೆ ಇಳಿಯುವ ಮೊದಲಿನ ಏಳು ದಿನಗಳೊಳಗೆ ಇ-ಅರೈವಲ್ ಎಂಬ ನಮೂನೆಯನ್ನು ಮೊಬೈಲಿನಲ್ಲಿಯೇ ತುಂಬಬೇಕು, ಮರೆಯಬೇಡಿ.