ಜಾವಾದಿಂದ ಡಾಟ್ ನೆಟ್ ಸೇವೆಗೆ ಪಿಡಿಎಫ್ ಕಳಿಸಿದರೆ 415 ದೋಷ (ಈ ಬಗೆಯ ಡೇಟಾ ಒಪ್ಪಲ್ಲ) ಬರ್ತಿದೆ, ಏನು ಮಾಡೋದು?

ಹೆಬ್ಬಾಳ_ಜಾವಾ, ಮೈಸೂರು

ನಮಸ್ಕಾರ. ಕಬ್ಬು ಬೆಳೆಗಾರರ ಅರ್ಜಿ, ಪಹಣಿ, ಪಾಸ್‌ಬುಕ್ ಸ್ಕ್ಯಾನ್‌ಗಳನ್ನು ಮೈಸೂರಿನ ಸರ್ವರ್‌ನಿಂದ ಮಂಡ್ಯದ ಸರ್ವರ್‌ಗೆ ದಾಟಿಸಬೇಕು. ನಮ್ಮದು ಲಿನಕ್ಸ್ ಮೇಲೆ ಜಾವಾ. ಹಳೇ ಕೋಡ್ ಸೋಪ್ (ಎಕ್ಸ್‌ಎಂಎಲ್ ಸಂದೇಶ ಸಾಗಿಸೋ ಪದ್ಧತಿ) ಸಂದೇಶ ಕಟ್ಟೋ ಸಾಜ್ ಲೈಬ್ರರಿಯಿಂದ ಅಟ್ಯಾಚ್‌ಮೆಂಟ್ ಸೇರಿಸುತ್ತೆ. ಮಂಡ್ಯದವರದು ವಿಂಡೋಸ್, ಐಐಎಸ್ ವೆಬ್ ಸರ್ವರ್ ಒಳಗೆ ಡಬ್ಲ್ಯೂಸಿಎಫ್ (ಡಾಟ್ ನೆಟ್‌ನ ವೆಬ್ ಸೇವೆ ಚೌಕಟ್ಟು), ಬೇಸಿಕ್ ಎಚ್‌ಟಿಟಿಪಿ ಬೈಂಡಿಂಗ್, ಸೋಪ್ 1.1, ಮುಂದೆ ಎಂಜಿನ್‌ಎಕ್ಸ್ ಪ್ರಾಕ್ಸಿ.

ಬರೀ ಎಕ್ಸ್‌ಎಂಎಲ್ ಸಲೀಸಾಗಿ ಹೋಗುತ್ತೆ. ಫೈಲ್ ಸೇರಿಸಿದ ಕೂಡಲೇ 415. ಬೇಸ್64 ಮಾಡಿ (ಬೈಟ್‌ಗಳನ್ನು ಅಕ್ಷರಗಳಾಗಿಸಿ) ಎಕ್ಸ್‌ಎಂಎಲ್ ಒಳಗೇ ತುಂಬಿದರೆ ಚಿಕ್ಕವು ಹೋಗ್ತವೆ, 12 ಎಂಬಿಯದು ಹೋಗಲ್ಲ. ಕಾನ್ಫಿಗ್ ಬದಲಿಸಲು ಅವರು ಒಪ್ಪಿದ್ದಾರೆ, ಆದರೆ ಅದೇ ವಿಳಾಸಕ್ಕೆ ಬೇರೆ ಕ್ಲೈಂಟ್‌ಗಳೂ ಬರ್ತವೆ.

ಸಕ್ಕರೆನಾಡು, ಮಂಡ್ಯ

ಸರ್, ಸಾಜ್ ಕಳಿಸ್ತಿರೋದು ಸೋಪ್ ವಿತ್ ಅಟ್ಯಾಚ್‌ಮೆಂಟ್ಸ್, 2000ದ ಡಿಸೆಂಬರ್‌ನಲ್ಲಿ ಡಬ್ಲ್ಯೂ3ಸಿ ಟಿಪ್ಪಣಿಯಾಗಿ ಹೊರಬಂದ ಪದ್ಧತಿ. ಡಬ್ಲ್ಯೂಸಿಎಫ್‌ಗೆ ಅದು ಬರೋದೇ ಇಲ್ಲ. ಯಾವ ಸೆಟ್ಟಿಂಗ್ ತಿರುಗಿಸಿದರೂ ಬರಲ್ಲ, ಅಲ್ಲಿ ಸಮಯ ಕಳೀಬೇಡಿ. ಎರಡೂ ಕಡೆಗೆ ಗೊತ್ತಿರೋದು ಎಂಟಾಮ್, ಅಂದ್ರೆ ಫೈಲನ್ನು ಎಕ್ಸ್‌ಎಂಎಲ್‌ನಿಂದ ಬೇರೆ ಭಾಗವಾಗಿ ಕಳಿಸೋ ಪದ್ಧತಿ. 2005ರ ಜನವರಿಯಿಂದ ಅದು ಡಬ್ಲ್ಯೂ3ಸಿ ಶಿಫಾರಸು.

ಗೊಂದಲ ಆಗೋದು ಯಾಕೆ ಅಂದ್ರೆ, ಎರಡೂ ಹೊರಗಿನಿಂದ ಒಂದೇ ಥರ ಕಾಣ್ತವೆ: ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಮಲ್ಟಿಪಾರ್ಟ್/ರಿಲೇಟೆಡ್. ನೋಡಬೇಕಾದ್ದು ಅದೇ ಸಾಲಿನಲ್ಲಿ ಮುಂದಿರೋ ಟೈಪ್. ನಿಮ್ಮದರಲ್ಲಿ "ಟೆಕ್ಸ್ಟ್/ಎಕ್ಸ್‌ಎಂಎಲ್" ಅಂತಿರುತ್ತೆ. ಎಂಟಾಮ್ ಆದರೆ ಟೈಪ್ "ಅಪ್ಲಿಕೇಶನ್/ಎಕ್ಸ್‌ಒಪಿ+ಎಕ್ಸ್‌ಎಂಎಲ್" ಆಗಿದ್ದು, "ಟೆಕ್ಸ್ಟ್/ಎಕ್ಸ್‌ಎಂಎಲ್" ಅನ್ನೋದು ಸ್ಟಾರ್ಟ್-ಇನ್ಫೋದಲ್ಲಿ ಬರಬೇಕು. ಸೋಪ್ 1.2 ಆಗಿದ್ದರೆ ಅಲ್ಲಿ "ಅಪ್ಲಿಕೇಶನ್/ಸೋಪ್+ಎಕ್ಸ್‌ಎಂಎಲ್". ಇದು ತಪ್ಪಿದರೂ ಅದೇ 415. ಹಾಗಾಗಿ ಕೋಡ್ ಮುಟ್ಟೋಕೆ ಮುಂಚೆ ವೈರ್‌ಶಾರ್ಕ್‌ನಲ್ಲೋ ಫಿಡ್ಲರ್‌ನಲ್ಲೋ ಹೊರಗೆ ಹೋಗ್ತಿರೋ ಹೆಡರ್ ಹಿಡಿದು ಓದಿ.

ಜಾವಾ ಕಡೆ ಸಾಜ್ ಬಿಟ್ಟು ಜ್ಯಾಕ್ಸ್-ಡಬ್ಲ್ಯೂಎಸ್ (ಜಾವಾದ ವೆಬ್ ಸೇವೆ ಸೌಲಭ್ಯ) ಕ್ಲೈಂಟ್ ಮಾಡಿ. ಪೋರ್ಟ್ ತಗೊಳ್ಳುವಾಗಲೇ ಎಂಟಾಮ್ ಫೀಚರ್ ಕೊಡಿ. ಡಬ್ಲ್ಯೂಎಸ್‌ಡಿಎಲ್‌ನಲ್ಲಿ (ಸೇವೆಯ ವಿವರಣೆ ಕಡತ) ಫೈಲ್ ಇರೋ ಫೀಲ್ಡ್ ಬೇಸ್64ಬೈನರಿ ಆಗಿರಲೇಬೇಕು. ಸ್ಟ್ರಿಂಗ್ ಅಂತ ಇದ್ದರೆ ಎಂಟಾಮ್ ಆನ್ ಮಾಡಿದರೂ ಫೈಲ್ ಬೇರೆ ಭಾಗವಾಗಿ ಹೋಗಲ್ಲ. ಬೈಟ್ ಅರೇ ಬದಲು ಡೇಟಾಹ್ಯಾಂಡ್ಲರ್ ಇಡಿ, ಇಡೀ ಫೈಲ್ ಮೆಮೊರಿಗೆ ಎಳೆಯೋದು ತಪ್ಪುತ್ತೆ.

ಡಬ್ಲ್ಯೂಸಿಎಫ್ ಕಡೆ ಬೈಂಡಿಂಗ್‌ನಲ್ಲಿ ಮೆಸೇಜ್‌ಎನ್‌ಕೋಡಿಂಗ್ ಅನ್ನು ಎಂಟಾಮ್ ಮಾಡಿದರೆ ಸಾಕು. ಆದರೆ ಈಗಿರೋ ಎಂಡ್‌ಪಾಯಿಂಟ್ (ಸೇವೆಯ ವಿಳಾಸ) ಮೇಲೆ ಮಾಡಬೇಡಿ. ಎಂಟಾಮ್ ಎನ್‌ಕೋಡರ್ ಮಾಮೂಲಿ ಎಕ್ಸ್‌ಎಂಎಲ್ ಕೋರಿಕೆಯನ್ನೂ ಓದುತ್ತೆ ನಿಜ, ಉತ್ತರ ಮಾತ್ರ ಎಂಟಾಮ್‌ನಲ್ಲೇ ಕಳಿಸುತ್ತೆ. ಹಳೇ ಕ್ಲೈಂಟ್‌ಗಳು ಅಲ್ಲಿ ಮುರಿದು ಬೀಳ್ತವೆ. ಅದೇ ಕಾಂಟ್ರಾಕ್ಟ್‌ಗೆ ಬೇರೆ ವಿಳಾಸದಲ್ಲಿ ಎರಡನೇ ಎಂಡ್‌ಪಾಯಿಂಟ್ ತೆರೆಸಿ.

ಟೆಸ್ಟ್ ಮಾಡುವಾಗ ಎರಡು ಸಾಲಿನ ಟೆಕ್ಸ್ಟ್ ಫೈಲ್ ಬಳಸಬೇಡಿ. ಡಬ್ಲ್ಯೂಸಿಎಫ್ 768 ಬೈಟ್‌ಗಿಂತ ಚಿಕ್ಕದನ್ನು ಬೇಸ್64 ಆಗಿ ಒಳಗೇ ಬರೆದುಬಿಡುತ್ತೆ. ಅದರ ಉತ್ತರ ನೋಡಿ ಎಂಟಾಮ್ ಕೆಲಸ ಮಾಡ್ತಿಲ್ಲ ಅಂದ್ಕೊಂಡು ಜನ ದಿನಗಟ್ಟಲೆ ಹುಡುಕ್ತಾರೆ.

ಕೆಆರ್‌ಎಸ್_ರೋಡ್

12 ಎಂಬಿ ನಿಲ್ಲೋದು ಬೇರೆ ಕಾರಣಕ್ಕೆ. ಬೇಸ್64ನಲ್ಲಿ ಅದು 16 ಎಂಬಿ ಆಗುತ್ತೆ, ಡಾಟ್ ನೆಟ್ ಸ್ಟ್ರಿಂಗ್ ಆಗಿ ಹಿಡಿದರೆ ಅಕ್ಷರಕ್ಕೆ 2 ಬೈಟ್, ಅಂದ್ರೆ 32 ಎಂಬಿ. ಎಂಟಾಮ್‌ಗೆ ಹೋದರೂ ದಾರಿಯಲ್ಲಿನ ಮಿತಿಗಳು ಹಾಗೇ ಇರ್ತವೆ, ಒಂದನ್ನು ಏರಿಸಿದರೆ ಇನ್ನೊಂದು ತಡೆಯುತ್ತೆ. ಎಂಜಿನ್‌ಎಕ್ಸ್‌ನ ಕ್ಲೈಂಟ್‌_ಮ್ಯಾಕ್ಸ್‌_ಬಾಡಿ‌_ಸೈಜ್ ಏನೂ ಬರೆಯದಿದ್ದರೆ 1 ಎಂಬಿ, ದಾಟಿದರೆ 413. ಐಐಎಸ್ ಮಿತಿ 3,00,00,000 ಬೈಟ್, ದಾಟಿದರೆ 404.13. ಈ 404 ನೋಡಿ ವಿಳಾಸ ತಪ್ಪು ಅಂತ ತಿಳೀಬೇಡಿ. ಎಎಸ್‌ಪಿ ಡಾಟ್ ನೆಟ್‌ನ ಮ್ಯಾಕ್ಸ್‌ರಿಕ್ವೆಸ್ಟ್‌ಲೆಂತ್ 4096, ಅದು ಕೆಬಿ ಲೆಕ್ಕ. ಡಬ್ಲ್ಯೂಸಿಎಫ್‌ನ ಮ್ಯಾಕ್ಸ್‌ರಿಸೀವ್ಡ್‌ಮೆಸೇಜ್‌ಸೈಜ್ 65,536, ಬೈಟ್ ಲೆಕ್ಕ. ಹಳೇ ಆವೃತ್ತಿಗಳಲ್ಲಿ ರೀಡರ್‌ಕೋಟಾಸ್ ಒಳಗಿನ ಮ್ಯಾಕ್ಸ್‌ಅರೇಲೆಂತ್ 16,384 ಅಷ್ಟೇ, ಅದನ್ನೂ ಏರಿಸಬೇಕು. ಎಲ್ಲಾ ಕಡೆ 20 ಎಂಬಿ ಇಟ್ಟರೆ ನಿಮಗೆ ಸಾಕು. ಎಷ್ಟಾದರೂ ಬರಲಿ ಅಂತ ಪೂರ್ತಿ ಬಿಟ್ಟುಬಿಡೋದು ಸರಿಯಲ್ಲ, ಯಾರೋ ದೊಡ್ಡ ಫೈಲ್ ತಳ್ಳಿ ಸರ್ವರ್ ಕೂರಿಸಬಹುದು.

ಹೆಬ್ಬಾಳ_ಜಾವಾ

ಇಬ್ಬರಿಗೂ ವಂದನೆ, ಎರಡನೇ ಎಂಡ್‌ಪಾಯಿಂಟ್‌ಗೆ ಅವರು ಒಪ್ಪಿದರು. ಫೈಲ್ ಹೆಸರು ಎಲ್ಲಿ ಹಾಕೋದು? "ಪಹಣಿ-ಕೆರಗೋಡು" ಅನ್ನೋದನ್ನ ಭಾಗದ ಹೆಡರ್‌ನಲ್ಲಿ ಹಾಕಿದರೆ ಬರೀ ಪ್ರಶ್ನೆ ಚಿಹ್ನೆ ಬರ್ತಿದೆ.

ಸಕ್ಕರೆನಾಡು, ಮಂಡ್ಯ

ಹೆಡರ್‌ನಲ್ಲಿ ಬೇಡವೇ ಬೇಡ. ಎಂಟಾಮ್ ಫೈಲ್ ಹೆಸರಿನ ಹೊಣೆ ಹೊರೋದಿಲ್ಲ. ಎಕ್ಸ್‌ಎಂಎಲ್‌ನಲ್ಲೇ ಹೆಸರು, ಮೈಮ್ ಟೈಪ್, ಗಾತ್ರ, ಶಾ-256 ಮೊತ್ತ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡೋ ಗುರುತು) ಅಂತ ಪ್ರತ್ಯೇಕ ಫೀಲ್ಡ್ ಇಡಿ. ಯುಟಿಎಫ್-8 ಇರೋದರಿಂದ ಕನ್ನಡ ಕೆಡಲ್ಲ. ಮಂಡ್ಯದ ಕಡೆ ಮೊತ್ತ ತಾಳೆ ನೋಡಿಯೇ ಉಳಿಸಿಕೊಳ್ಳಲಿ.

ಇನ್ನೊಂದು ಮುಖ್ಯ ವಿಷಯ. ಕೆರಗೋಡಿನ "ಗೋ" ಇದೆಯಲ್ಲ, ಅದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್ ಬೇರೆ. ಹೆಸರಿನಿಂದ ಹುಡುಕಿದರೆ ಸಿಗಲ್ಲ. ಕಳಿಸೋ ಮುಂಚೆ ಜಾವಾದ ನಾರ್ಮಲೈಸರ್‌ನಿಂದ ಎನ್‌ಎಫ್‌ಸಿಗೆ, ಅಂದ್ರೆ ಒಂದೇ ಸಂಕೇತದ ರೂಪಕ್ಕೆ, ತನ್ನಿ. ಡಿಸ್ಕ್ ಮೇಲೆ ಯುಯುಐಡಿ (ಮರುಕಳಿಸದ ಗುರುತು ಸಂಖ್ಯೆ) ಹೆಸರಲ್ಲಿ ಉಳಿಸಿ, ಕನ್ನಡದ ಹೆಸರು ಡೇಟಾಬೇಸ್‌ನಲ್ಲಿರಲಿ.

ಅದೇ ಯುಯುಐಡಿಯನ್ನು ಕೋರಿಕೆಯ ಜೊತೆಗೂ ಕಳಿಸಿ. ಲೈನ್ ನಿಧಾನವಿದ್ದಾಗ ನಿಮ್ಮ ಕಡೆ ಟೈಮ್‌ಔಟ್ ಆದರೂ ಅಲ್ಲಿ ಫೈಲ್ ಸೇರಿಬಿಟ್ಟಿರಬಹುದು. ಮತ್ತೆ ಕಳಿಸಿದಾಗ ಅವರು ಯುಯುಐಡಿ ನೋಡಿ, ಇದ್ದರೆ ಹಳೇ ಉತ್ತರವನ್ನೇ ಕೊಡಬೇಕು. ಇಲ್ಲದಿದ್ದರೆ ಒಬ್ಬ ರೈತನ ಹೆಸರಲ್ಲಿ ಎರಡು ಅರ್ಜಿ ಕೂರುತ್ತೆ.